ಕೂಡಿಸಬಾರದಿದ್ದ ಐದೂವರೆ ಗಂಟೆ

ವಡೋದರಾದ ನಮ್ಮ ಕನ್ನಡ ಬಳಗದವರು ಸ್ಮರಣ ಸಂಚಿಕೆಗಾಗಿ ನನ್ನಿಂದ ‘ವೃತ್ತಿಜೀವನದ ಸವಿನೆನಪು’ ಕೇಳಿದರು. ನೆನಪುಗಳಿವೆ, ಸವಿ ಇಲ್ಲ ಎಂದು ಕಾರ್ಯದರ್ಶಿಗಳಿಗೆ ಅಂದೇ ಹೇಳಿದೆ. ಅವರು ನಕ್ಕು, “ನೀವು ಬರೀರಿ ಮೇಡಂ, ಸಿಹಿ ನಾವು ಸೇರಿಸ್ಕೊಳ್ತೀವಿ” ಎಂದರು. ನನ್ನ ವೃತ್ತಿಯಲ್ಲಿ ನಾನು ಕಂಡ ಅತಿದೊಡ್ಡ ಅನ್ಯಾಯ ನಡೆದದ್ದು ಯಾರೋ ಏನನ್ನೋ ಹೀಗೆ ನಗುನಗುತ್ತಾ ಸೇರಿಸಿದ್ದರಿಂದಲೇ. ಆದ್ದರಿಂದ ಈ ಬರಹವನ್ನು ಒಂದು ಷರತ್ತಿನ ಮೇಲೆ ಕೊಡುತ್ತಿದ್ದೇನೆ: ಇದಕ್ಕೆ ಯಾರೂ ಏನನ್ನೂ ಸೇರಿಸಕೂಡದು, ಇದರಿಂದ ಏನನ್ನೂ ಕಳೆಯಲೂ ಕೂಡದು.

ಇಲ್ಲಿ ಬಾಡಿಗೆ ಮನೆ ಹಿಡಿದು ಡೇಟಾಬೇಸಿನ ಕೆಲಸಕ್ಕೆ ಸೇರುತ್ತಿರುವ ಕನ್ನಡದ ತರುಣ ತರುಣಿಯರು ಇದನ್ನು ಓದಲಿ ಎಂಬುದು ನನ್ನ ಉದ್ದೇಶ. ಉಳಿದವರು ಓದಿದರೂ ನಷ್ಟವಿಲ್ಲ. ಒಬ್ಬ ಮನುಷ್ಯನ ಹೆಸರು ಕೆಟ್ಟದ್ದು ಹೇಗೆ ಎಂಬುದನ್ನು ಅರ್ಥಮಾಡಿಕೊಳ್ಳಲು ಕಂಪ್ಯೂಟರ್ ಕಲಿತಿರಬೇಕಾಗಿಲ್ಲ.

ನನ್ನ ಪತಿಯನ್ನು ಅವರ ಬ್ಯಾಂಕಿನವರು ಗದಗಿನಿಂದ ವಡೋದರಾಕ್ಕೆ ವರ್ಗ ಮಾಡಿದಾಗ ನಾನು ಗಣಿತದ ಪದವಿಯನ್ನೂ ಕಂಪ್ಯೂಟರಿನ ಒಂದು ಡಿಪ್ಲೊಮಾವನ್ನೂ ಹಿಡಿದು ಜೊತೆಗೆ ಬಂದೆ. ಬೇಗನೆ ವಾಪಸು ಕಳಿಸುತ್ತೇವೆ ಎಂದಿದ್ದ ಬ್ಯಾಂಕು ಅವರನ್ನು ಸೂರತ್ತಿಗೂ ಅಹಮದಾಬಾದಿಗೂ ಓಡಾಡಿಸಿತೇ ಹೊರತು ಕರ್ನಾಟಕಕ್ಕೆ ಮರಳಿಸಲಿಲ್ಲ. ನಾನು ವಡೋದರಾದ ಅಲ್ಕಾಪುರಿಯ ಒಂದು ಸಾಫ್ಟ್‌ವೇರ್ ಸಂಸ್ಥೆಗೆ ಸೇರಿ, ನಿವೃತ್ತಿಯವರೆಗೂ ಅಲ್ಲೇ ದುಡಿದೆ. ಸಿಕ್ಕ ಬಡ್ತಿಗಳ ವಿಷಯ ಬರೆಯುವುದಿಲ್ಲ. ಸಿಗದವುಗಳ ವಿಷಯ ಬರೆದರೆ ಸಂಚಿಕೆಯಲ್ಲಿ ಬೇರೆಯವರಿಗೆ ಜಾಗ ಉಳಿಯುವುದಿಲ್ಲ.

ಆ ಸಂಸ್ಥೆಯಲ್ಲಿ ನನ್ನ ಕುರ್ಚಿ ಕುಡಿಯುವ ನೀರಿನ ಯಂತ್ರಕ್ಕೆ ಅಂಟಿಕೊಂಡಿತ್ತು. ನೀರು ಕುಡಿಯಲು ಬಂದವರೆಲ್ಲ ನನ್ನ ಪರದೆಯನ್ನು ನೋಡಿ ಒಂದೊಂದು ಸಲಹೆ ಕೊಟ್ಟು ಹೋಗುತ್ತಿದ್ದರು. ಕುರ್ಚಿ ಬದಲಿಸಿ ಎಂದು ಕೇಳಿದಾಗ ನಮ್ಮ ವಿಭಾಗದ ಮುಖ್ಯಸ್ಥ ಜಯೇಶ್‌ಭಾಯಿ, “ಥೈ ಜಶೇ ಸುಶೀಲಾಬೆನ್, ಥೈ ಜಶೇ” ಎಂದರು. ಆಗಿಹೋಗುತ್ತದೆ ಎಂದು ಅದರ ಅರ್ಥ; ‘ಬೆನ್’ ಎಂದರೆ ಅಕ್ಕ. ಆಗಲಿಲ್ಲ. ಆಮೇಲೆ ಅವರ ಬಾಯಿಂದ ಆ ಎರಡು ಪದ ಹೊರಟಾಗಲೆಲ್ಲ ಆ ಕೆಲಸ ಆಗುವುದಿಲ್ಲ ಎಂದೇ ನಾನು ತಿಳಿದುಕೊಂಡೆ, ಒಮ್ಮೆಯೂ ಮೋಸಹೋಗಲಿಲ್ಲ. ಗ್ರಾಹಕರು ಬಂದಾಗ ಅವರು ನನ್ನನ್ನು “ನಮ್ಮ ಎಂಟ್ರಿ ಮಾಡುವ ಬೆನ್” ಎಂದು ಪರಿಚಯಿಸುತ್ತಿದ್ದರು. ಆ ಗ್ರಾಹಕರ ಡೇಟಾಬೇಸನ್ನು ಕಟ್ಟಿದವಳು ನಾನು. (ಇಲ್ಲಿ ಬರುವ ಮಾತುಗಳು ಗುಜರಾತಿಯಲ್ಲೋ ಹಿಂದಿಯಲ್ಲೋ ನಡೆದವು. ಅರ್ಥ ಕೆಡದಂತೆ ಕನ್ನಡಕ್ಕೆ ತಂದಿದ್ದೇನೆ.)

ಈಗ ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರಿಗೆ ಬೆಳಗು, ಸಂಜೆ, ಸೋಮವಾರ, ದೀಪಾವಳಿ ಯಾವುದೂ ಗೊತ್ತಿಲ್ಲ. 1970ರ ಜನವರಿ ಒಂದನೆಯ ತಾರೀಖು, ಇಂಗ್ಲೆಂಡಿನ ಗ್ರೀನಿಚ್ ಲೆಕ್ಕದ ಮಧ್ಯರಾತ್ರಿಯಿಂದ ಅದು ಸೆಕೆಂಡುಗಳನ್ನು ಒಂದೇಸಮನೆ ಎಣಿಸುತ್ತಾ ಬಂದಿದೆ. ಒಂದು ಬಾಗಿಲು ತೆರೆದರೆ ಆ ಗಳಿಗೆಗೆ ಸಲ್ಲುವ ಸೆಕೆಂಡಿನ ಸಂಖ್ಯೆಯನ್ನು ಬರೆದಿಡುತ್ತದೆ, ಅಷ್ಟೇ. ಆ ಸಂಖ್ಯೆ ಸೂರತ್ತಿನಲ್ಲೂ ಲಂಡನ್ನಿನಲ್ಲೂ ಒಂದೇ. ಅದನ್ನು ಮನುಷ್ಯರು ಓದುವ ತಾರೀಖು ಮತ್ತು ಗಂಟೆಯಾಗಿ ತಿರುಗಿಸುವಾಗ ಮಾತ್ರ ‘ಯಾವ ಊರಿನ ಗಂಟೆ?’ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ದೇಶದ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದೆ. ಸೆಕೆಂಡಿನಲ್ಲಿ ಹೇಳಿದರೆ ಹತ್ತೊಂಬತ್ತು ಸಾವಿರದ ಎಂಟುನೂರು. ಈ ಸಂಖ್ಯೆ ನಮ್ಮ ದೇಶದ ಪ್ರೋಗ್ರಾಮರುಗಳಿಗೆ ಬಾಯಿಪಾಠವಾಗಿದೆ. ತಿಳಿಯದ್ದರಿಂದ ಆಗುವ ತಪ್ಪಿಗಿಂತ ಬಾಯಿಪಾಠವಾದದ್ದರಿಂದ ಆಗುವ ತಪ್ಪು ದೊಡ್ಡದು ಎಂಬುದನ್ನು ಮುಂದೆ ನೋಡುವಿರಿ.

ನಾನು ಮೊದಲು ಕಂಡ ಅವಘಡ ಅಹಮದಾಬಾದಿನ ಹೊರವಲಯದ ಒಂದು ಔಷಧಿ ಗೋದಾಮಿನದು. ಅಲ್ಲಿಗೆ ಹೊಸದಾಗಿ ಬಂದ ಯಂತ್ರ ಸೆಕೆಂಡುಗಳ ಬದಲು ಮಿಲಿಸೆಕೆಂಡುಗಳನ್ನು ಬರೆಯುತ್ತಿತ್ತು. ಸಂಖ್ಯೆ ಉದ್ದವಾಗಿದೆ, ಸಾವಿರದಿಂದ ಭಾಗಿಸಿ ಆಮೇಲೆ ತಿರುಗಿಸಬೇಕು ಎಂದು ನಾನು ಹೇಳಿದೆ. ಜಯೇಶ್‌ಭಾಯಿ “ಯಂತ್ರ ಹೊಸದು, ಸಂಖ್ಯೆ ದೊಡ್ಡದಿರುತ್ತೆ” ಎಂದು ನನ್ನ ಬಾಯಿ ಮುಚ್ಚಿಸಿದರು. ಮರುದಿನ ಗೋದಾಮಿನ ಮೇಲ್ವಿಚಾರಕ ಫೋನು ಮಾಡಿದ.

“ಬೆನ್, ಕೆಮ್ಮಿನ ಸಿರಪ್ಪು ಯಾವಾಗ ಬಂತು ಅಂತ ನೋಡಿದೆ. ಐವತ್ತು ಸಾವಿರದ ಹತ್ತಿರ ಯಾವುದೋ ಇಸವಿ ತೋರಿಸ್ತಿದೆ. ಅಷ್ಟು ಹೊತ್ತಿಗೆ ಮನುಷ್ಯರಿಗೆ ಕೆಮ್ಮು ಇರುತ್ತಾ?”

ನಾನು ನಗಲಿಲ್ಲ. ಅವನು ನಕ್ಕ, ಅದು ಅವನ ಹಕ್ಕು. ಸಂಜೆ ಜಯೇಶ್‌ಭಾಯಿ ಎಲ್ಲರೆದುರು, “ಭಾಗಾಕಾರ ಮರೆತಿದ್ದೀರಿ ಬೆನ್, ಗಣಿತ ಓದಿದವರು!” ಎಂದರು. ನೀರು ಕುಡಿಯಲು ಬಂದಿದ್ದ ಮೂವರು ಆ ಮಾತು ಕೇಳಿದರು. ಮೂವರ ಹೆಸರೂ ನನಗೆ ನೆನಪಿದೆ. ಹೊಸಬರಿಗೆ ಹೇಳುವುದಿಷ್ಟು: ತಿರುಗಿಸುವ ಮೊದಲು ಅಂಕಿಗಳನ್ನು ಎಣಿಸಿ. ಈ ಕಾಲದ ಸೆಕೆಂಡಿನ ಸಂಖ್ಯೆಯಲ್ಲಿ ಹತ್ತು ಅಂಕಿಗಳಿರುತ್ತವೆ. ಹದಿಮೂರಿದ್ದರೆ ಅದು ಮಿಲಿಸೆಕೆಂಡು. ಯಾರು ಏನೇ ಅಂದರೂ ಭಾಗಿಸಿ.

ಎರಡನೆಯದು ವಡೋದರಾದ ಹೊರಗೆ, ಕೊಯಲಿಯ ಕಡೆಯ ಒಂದು ವಸತಿ ಬಡಾವಣೆಯ ಗೇಟಿನದು. ಒಳಹೋದವರು, ಹೊರಬಂದವರ ಹೊತ್ತು ಅಲ್ಲಿ ದಾಖಲಾಗುತ್ತಿತ್ತು. ಹೊರಬಂದದ್ದು ಗೊತ್ತಿಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೆ ಡೇಟಾಬೇಸಿನಲ್ಲಿ ಗೌರವದ ಸ್ಥಾನವಿದೆ, ನಮ್ಮ ಕಚೇರಿಯಲ್ಲಿ ಇರಲಿಲ್ಲ. “ಖಾಲಿ ಕಂಡರೆ ಗ್ರಾಹಕರಿಗೆ ಚೆನ್ನಾಗಿರಲ್ಲ, ಸೊನ್ನೆ ತುಂಬಿ” ಎಂದು ಜಯೇಶ್‌ಭಾಯಿಯ ಅಪ್ಪಣೆಯಾಯಿತು. ಸೊನ್ನೆಯೆಂದರೆ ಎಣಿಕೆ ಶುರುವಾದ ಗಳಿಗೆ, ನಮ್ಮ ಗಡಿಯಾರದಲ್ಲಿ 1970ರ ಜನವರಿ ಒಂದು, ಬೆಳಗಿನ ಐದೂವರೆ. ವರದಿಯ ಪ್ರಕಾರ ಬಡಾವಣೆಯ ಅರ್ಧ ಜನ ತಾವು ಹುಟ್ಟುವ ಮೊದಲೇ, ಒಂದೇ ಬೆಳಗ್ಗೆ, ಮನೆ ಬಿಟ್ಟು ಹೋಗಿದ್ದರು. ವಾರ್ಷಿಕ ಔತಣದಲ್ಲಿ ಜಯೇಶ್‌ಭಾಯಿ ಈ ಕತೆಯನ್ನು ಮೈಕು ಹಿಡಿದು ಹೇಳಿದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಸೊನ್ನೆ ತುಂಬಿಸಿದವರು ಯಾರು ಎಂಬ ಭಾಗಕ್ಕೆ ಬಂದಾಗ ಅವರು ನನ್ನ ಕಡೆ ಕೈತೋರಿದರು. ನಾನು ತಟ್ಟೆ ಕೆಳಗಿಟ್ಟು ಎದ್ದುಬಂದೆ. ಇಂದಿಗೂ ಆ ಹೋಟೆಲಿನ ಮುಂದೆ ಹಾದುಹೋಗುವಾಗ ಮುಖ ತಿರುಗಿಸುತ್ತೇನೆ. ಹೋಟೆಲಿನವರದು ತಪ್ಪಿಲ್ಲ ಎಂಬುದು ನನಗೆ ತಿಳಿದಿದೆ.

ಇವೆರಡರಲ್ಲೂ ಯಾರಿಗೂ ಕೇಡಾಗಲಿಲ್ಲ, ಅಪಮಾನವಾದದ್ದು ನನಗೊಬ್ಬಳಿಗೆ. ಸೂರತ್ತಿನಲ್ಲಿ ಹಾಗಾಗಲಿಲ್ಲ.

ಸೂರತ್ತಿನ ಕತಾರ್‌ಗಾಮ್‌ನಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಒಂದು ಕಾರ್ಖಾನೆ ನಮ್ಮ ಗ್ರಾಹಕ ಸಂಸ್ಥೆಯಾಗಿತ್ತು. ಎರಡನೆಯ ಮಹಡಿಯಲ್ಲಿ ತಿಜೋರಿ ಕೋಣೆ. ಅದರ ಹೊಣೆ ರಮಣಿಕ್‌ಭಾಯಿ ಎಂಬವರದು, ಸೌರಾಷ್ಟ್ರದಿಂದ ಎಳೆಯ ವಯಸ್ಸಿನಲ್ಲೇ ಬಂದು ಆ ಉದ್ಯಮದಲ್ಲಿಯೇ ತಲೆ ನರೆಸಿಕೊಂಡವರು. ಬೆಳಿಗ್ಗೆ ಒಂಬತ್ತಕ್ಕೆ ತಿಜೋರಿ ತೆರೆದು ಹರಳಿನ ಪೊಟ್ಟಣಗಳನ್ನು ಸಾಣೆ ಹಿಡಿಯುವ ಕಾರೀಗರರಿಗೆ ಹಂಚುವುದು, ಊಟದ ಬಿಡುವಾದ ಮೇಲೆ ಪೌಣೇ ಮೂರಕ್ಕೆ, ಎಂದರೆ ಎರಡೂಮುಕ್ಕಾಲಿಗೆ, ತೆರೆದು ಮತ್ತೊಂದು ಸುತ್ತು ಹಂಚುವುದು, ಸಂಜೆ ಏಳಕ್ಕೆ ಎಲ್ಲವನ್ನೂ ಒಳಗಿಟ್ಟು ಮುಚ್ಚುವುದು. ದಿನಕ್ಕೆ ಈ ಮೂರೇ ಸಲ ಅವರ ಕಾರ್ಡು ಆ ಬಾಗಿಲಿಗೆ ತಾಗುತ್ತಿತ್ತು. ತೆರೆಯುವಾಗ ಜೊತೆಗೆ ಇನ್ನೊಬ್ಬರು ಇರಲೇಬೇಕು ಎಂಬುದು ಅಲ್ಲಿನ ಕಟ್ಟಳೆ. ಆ ಇನ್ನೊಬ್ಬ ಸಾಮಾನ್ಯವಾಗಿ ಕಾರ್ಖಾನೆಯ ಯಜಮಾನರಾದ ಶೇಠರ ತಮ್ಮನ ಮಗ.

ಬಾಗಿಲಿನ ದಾಖಲೆಯನ್ನು ಡೇಟಾಬೇಸಿಗೆ ಜೋಡಿಸಲು ನಾನು ಅಲ್ಲಿಗೆ ಹೋದ ಮೊದಲ ದಿನ ಉಳಿದವರು ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದರು. ರಮಣಿಕ್‌ಭಾಯಿ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಹಗೆಯನ್ನು ನೆನಪಿಡುವವಳು ಉಪಕಾರವನ್ನು ಮರೆಯುತ್ತಾಳೆಂದು ಯಾರೂ ಭಾವಿಸಬಾರದು.

ಆಗ ನಮ್ಮ ಡೇಟಾಬೇಸು ಹೊರದೇಶದ ಒಂದು ಬಾಡಿಗೆ ಸರ್ವರಿನಲ್ಲಿತ್ತು. ಅದರ ಗಡಿಯಾರ ಗ್ರೀನಿಚ್ ಲೆಕ್ಕಕ್ಕೆ ಹೊಂದಿಸಿದ್ದು. ಆದ್ದರಿಂದ ಸೆಕೆಂಡುಗಳನ್ನು ಹೊತ್ತಾಗಿ ತಿರುಗಿಸುವ ಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಭಾಷೆಯ ಸಾಲಿನಲ್ಲಿ ಜಯೇಶ್‌ಭಾಯಿ ಹತ್ತೊಂಬತ್ತು ಸಾವಿರದ ಎಂಟುನೂರನ್ನು ಕೂಡಿಸಿದರು. ಅಲ್ಲಿಗೆ ಉತ್ತರ ಸರಿಬಂತು. ನಾನು ಒಪ್ಪಲಿಲ್ಲ. ಸಂಖ್ಯೆಯನ್ನು ಮುಟ್ಟಬಾರದು, ‘ಇದನ್ನು ಭಾರತದ ಹೊತ್ತಿನಲ್ಲಿ ತೋರಿಸು’ ಎಂದು ಡೇಟಾಬೇಸಿಗೇ ಹೇಳಬೇಕು, ಅದಕ್ಕೆ ಆ ವಿದ್ಯೆ ಗೊತ್ತಿದೆ ಎಂದೆ. ನಾವೇ ಕೈಯಾರೆ ಕೂಡಿಸಿಟ್ಟರೆ, ನಾಳೆ ಸರ್ವರಿನ ಗಡಿಯಾರವನ್ನು ಯಾರಾದರೂ ಭಾರತಕ್ಕೆ ಹೊಂದಿಸಿದಾಗ ಅದೂ ಐದೂವರೆ ಗಂಟೆ ಕೂಡಿಸುತ್ತದೆ, ನಾವೂ ಕೂಡಿಸಿರುತ್ತೇವೆ.

“ಯಾರು ಹೊಂದಿಸ್ತಾರೆ ಬೆನ್?”

“ಯಾರಾದರೂ. ನೀವೇ.”

“ನಾನಿರೋವಾಗ ಚಿಂತೆ ಯಾಕೆ? ಥೈ ಜಶೇ.”

ಈ ಆಕ್ಷೇಪವನ್ನು ನಾನು ಮೇಲ್ ಮಾಡಿಯೂ ತಿಳಿಸಿದೆ. ‘ಗಮನಿಸಲಾಗಿದೆ’ ಎಂದು ಉತ್ತರ ಬಂತು. ಈ ಒಂದು ಪದದಷ್ಟು ಸುಳ್ಳಾದ ಪದವನ್ನು ನಾನು ಇನ್ನೊಂದು ಕಂಡಿಲ್ಲ.

ದೀಪಾವಳಿಗೆ ಸೂರತ್ತಿನ ವಜ್ರದ ಕಾರ್ಖಾನೆಗಳು ದೀರ್ಘ ರಜೆ ಕೊಡುತ್ತವೆ. ಕಾರೀಗರರು ಸೌರಾಷ್ಟ್ರದ ತಮ್ಮ ಊರುಗಳಿಗೆ ಹೋಗುತ್ತಾರೆ, ಕತಾರ್‌ಗಾಮ್‌ನ ಬೀದಿಗಳು ಬರಿದಾಗುತ್ತವೆ. ಮತ್ತೆ ಬಾಗಿಲು ತೆರೆಯುವುದು ಕಾರ್ತಿಕ ಶುದ್ಧ ಐದನೆಯ ದಿನವಾದ ಲಾಭಪಂಚಮಿಯ ಮುಹೂರ್ತಕ್ಕೆ, ಅದೂ ಶಾಸ್ತ್ರಕ್ಕೆ: ಪೂಜೆ, ಪೇಡೆ, ಒಂದು ಪೊಟ್ಟಣವನ್ನು ಹೊರತೆಗೆದು ಒಳಗಿಡುವುದು, ಅಷ್ಟೇ. ಆ ವರ್ಷದ ರಜೆಯಲ್ಲಿ ಶೇಠರು ತಮ್ಮದೇ ಸರ್ವರೊಂದನ್ನು ಕೊಂಡು ಕಾರ್ಖಾನೆಯಲ್ಲೇ ಕೂರಿಸಿಕೊಂಡರು. ಡೇಟಾಬೇಸನ್ನು ಅದಕ್ಕೆ ಸಾಗಿಸುವ ಕೆಲಸ ನನ್ನದಾಗಬೇಕಿತ್ತು.

“ನೀವು ಮನೇಲಿ ಚಕ್ಕುಲಿ ಮಾಡಿ ಬೆನ್. ಇದು ಎತ್ತಿ ಇಡೋ ಕೆಲಸ. ನಾನು ನೋಡ್ಕೊಳ್ತೀನಿ” ಎಂದರು ಜಯೇಶ್‌ಭಾಯಿ.

ಅವರು ಎತ್ತಿ ಇಟ್ಟರು. ಹೊಸ ಸರ್ವರಿನ ಗಡಿಯಾರವನ್ನು ಭಾರತದ ಹೊತ್ತಿಗೆ ಹೊಂದಿಸಿದರು, ಅದು ಸರಿಯೇ. ಹಳೆಯ ಎಸ್‌ಕ್ಯೂಎಲ್ ಸಾಲನ್ನು ಇದ್ದಹಾಗೆಯೇ ತಂದು ಕೂರಿಸಿದರು. ನಾನು ಹೇಳಿದಂತೆಯೇ ಆಯಿತು. ಸರ್ವರು ಐದೂವರೆ ಗಂಟೆ ಕೂಡಿಸಿತು, ಸಾಲು ಇನ್ನೊಂದು ಐದೂವರೆ ಗಂಟೆ ಕೂಡಿಸಿತು. ಲಾಭಪಂಚಮಿಯಂದು ಪೂಜೆಗೆ ತೆರೆದ ಬಾಗಿಲಿನ ಹೊತ್ತು ವರದಿಯಲ್ಲಿ ತಪ್ಪಾಗಿ ಬಿದ್ದಿತು. ಪೇಡೆ ತಿನ್ನುತ್ತಿದ್ದವರು ವರದಿಯನ್ನು ಯಾಕೆ ನೋಡುತ್ತಾರೆ? ತಿಜೋರಿಯ ದಾಖಲೆಯನ್ನು ಯಾರೂ ದಿನವೂ ಓದುವುದಿಲ್ಲ. ಏನಾದರೂ ಕಳೆದಾಗ ಮಾತ್ರ ಓದುತ್ತಾರೆ.

ಕೆಲವು ವಾರಗಳ ಮೇಲೆ ಕಳೆಯಿತು. ಒಂದು ಪೊಟ್ಟಣದಲ್ಲಿ ಒಂದು ಹರಳು ಕಡಿಮೆ ಬಂತು. ಶೇಠರು ಆ ಪೊಟ್ಟಣ ಕೊನೆಯ ಸಲ ಹೊರಬಂದಿದ್ದ ಸೋಮವಾರದ ವರದಿ ಕೇಳಿದರು, ಜಯೇಶ್‌ಭಾಯಿ ಕೂತಲ್ಲೇ ತೆಗೆದುಕೊಟ್ಟರು. ಅದರಲ್ಲಿ ರಮಣಿಕ್‌ಭಾಯಿಯ ಕಾರ್ಡಿನ ಎರಡು ಸಾಲುಗಳಿದ್ದವು: ಮಧ್ಯಾಹ್ನ ಎರಡೂವರೆ, ರಾತ್ರಿ ಎಂಟೂಕಾಲು. ಕಾರ್ಖಾನೆ ಮುಚ್ಚುವುದು ಏಳೂವರೆಗೆ. ಎಲ್ಲರೂ ಹೋದ ಮೇಲೆ ಒಬ್ಬನೇ ಬಂದು ತಿಜೋರಿ ತೆರೆದಿದ್ದಾನೆ ಎಂದಾಯಿತು. ಕ್ಯಾಮೆರಾದ ಚಿತ್ರಗಳು ಅಷ್ಟರಲ್ಲಿ ಅಳಿಸಿಹೋಗಿದ್ದವು.

ಶೇಠರು ಪೊಲೀಸರನ್ನು ಕರೆಯಲಿಲ್ಲ. ಆ ಉದ್ಯಮದಲ್ಲಿ ಅದರ ಅಗತ್ಯವೂ ಇಲ್ಲ. ಹರಳುಗಳು ಅಲ್ಲಿ ಬಾಯಿಮಾತಿನ ನಂಬಿಕೆಯ ಮೇಲೆ ಕೈಯಿಂದ ಕೈಗೆ ದಾಟುತ್ತವೆ. ‘ಅವನ ಕೈ ಸರಿಯಿಲ್ಲ’ ಎಂದು ಒಂದು ಕಾರ್ಖಾನೆಯಲ್ಲಿ ಅಂದರೆ ಸಾಕು, ಆ ಮನುಷ್ಯನಿಗೆ ಊರಿನ ಯಾವ ಕಾರ್ಖಾನೆಯ ಬಾಗಿಲೂ ತೆರೆಯುವುದಿಲ್ಲ. ಶೇಠರು ಅದನ್ನು ಎರಡನೆಯ ಮಹಡಿಯಲ್ಲಿ, ಸಾಣೆಚಕ್ರಗಳನ್ನು ನಿಲ್ಲಿಸಿ, ಕಾರೀಗರರೆಲ್ಲ ಕೇಳುವಂತೆ ಅಂದು, ರಮಣಿಕ್‌ಭಾಯಿಯ ಕಾರ್ಡು ಕಿತ್ತುಕೊಂಡು ಮನೆಗೆ ಕಳಿಸಿದರು.

ರಮಣಿಕ್‌ಭಾಯಿ ನನಗೆ ಫೋನು ಮಾಡಿದರು. ಅಳಲಿಲ್ಲ, ಕೂಗಾಡಲಿಲ್ಲ.

“ಸುಶೀಲಾಬೆನ್, ಎಂಟೂಕಾಲಿಗೆ ನಾನು ಮನೇಲಿ ಊಟಕ್ಕೆ ಕೂತಿದ್ದೆ. ಮನೆಯವರ ಸಾಕ್ಷಿ ಯಾರು ನಂಬ್ತಾರೆ? ಯಂತ್ರ ನೋಡಿದೆ ಅಂತಾರೆ. ಯಂತ್ರ ನೀವು ಕೂರಿಸಿದ್ದು. ಅದು ಸುಳ್ಳು ಹೇಳುತ್ತಾ?”

“ಯಂತ್ರ ಹೇಳಲ್ಲ ಭಾಯಿ” ಎಂದೆ. “ನಾನು ನೋಡ್ತೀನಿ.”

ನೋಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂಲ ಸೆಕೆಂಡುಗಳನ್ನು ತೆಗೆದು ನಾನೇ ತಿರುಗಿಸಿದೆ. ಬೆಳಗಿನ ಒಂಬತ್ತು ವರದಿಯಲ್ಲಿ ಮಧ್ಯಾಹ್ನದ ಎರಡೂವರೆಯಾಗಿ, ಎಲ್ಲರಿಗೂ ಪರಿಚಿತವಾದ ಮಧ್ಯಾಹ್ನದ ಸುತ್ತಿನ ಹಾಗೆ ಕಂಡಿತ್ತು. ನಿಜವಾದ ಮಧ್ಯಾಹ್ನದ ಸುತ್ತು, ಪೌಣೇ ಮೂರು, ರಾತ್ರಿಯ ಎಂಟೂಕಾಲಾಗಿತ್ತು. ಸಂಜೆಯ ಏಳು ನಡುರಾತ್ರಿ ದಾಟಿ ಹನ್ನೆರಡೂವರೆಯಾಗಿ ಮರುದಿನದ ತಾರೀಖಿಗೆ ಜಾರಿತ್ತು, ಆದ್ದರಿಂದ ಆ ದಿನದ ವರದಿಯಲ್ಲಿ ಇರಲೇ ಇಲ್ಲ. ಹಿಂದಿನ ದಿನ ಭಾನುವಾರದ ರಜೆಯಾದ್ದರಿಂದ ಅಲ್ಲಿಂದ ಜಾರಿಬಂದ ಸಾಲೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಲೆಕ್ಕ ತಪ್ಪಿದ್ದಕ್ಕಲ್ಲ. ಆ ವರದಿಯನ್ನು ನೋಡಿದ ನಾಲ್ಕಾರು ಮಂದಿಯಲ್ಲಿ ಒಬ್ಬರಾದರೂ ‘ಬೆಳಿಗ್ಗೆ ತಿಜೋರಿ ತೆರೆದ ಸಾಲು ಎಲ್ಲಿ?’ ಎಂದು ಕೇಳಲಿಲ್ಲ. ಬೆಳಿಗ್ಗೆ ತೆರೆಯದಿದ್ದರೆ ಕಾರೀಗರರು ಅಲ್ಲಿಯವರೆಗೆ ಯಾವ ಹರಳಿಗೆ ಸಾಣೆ ಹಿಡಿಯುತ್ತಿದ್ದರು, ಗಾಳಿಗೆ? ಕಳ್ಳನನ್ನು ಹುಡುಕುವ ಆತುರದಲ್ಲಿ ಎಲ್ಲರೂ ರಾತ್ರಿಯ ಸಾಲನ್ನೇ ನೋಡಿದರು.

ಜಯೇಶ್‌ಭಾಯಿಯ ಕೋಣೆಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರ ಮುಖ ಒಂದು ಗಳಿಗೆ ಇಳಿಯಿತು. ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿದರು.

“ಬೆನ್, ಮುಂದಿನ ತಿಂಗಳು ಅವರ ಕಾಂಟ್ರಾಕ್ಟು ಹೊಸದಾಗಿ ಆಗಬೇಕು. ಆಗಲಿ, ಆಮೇಲೆ ನಿಧಾನವಾಗಿ ಶೇಠ್‌ಗೆ ತಿಳಿಸೋಣ.”

“ಅಲ್ಲಿಯವರೆಗೆ ರಮಣಿಕ್‌ಭಾಯಿ?”

“ಅವರಿಗೂ ವಯಸ್ಸಾಯ್ತು. ಹೇಗೂ ಮನೇಲಿ ಕೂರೋ ಕಾಲ.”

“ಮನೇಲಿ ಕೂರೋದು ಬೇರೆ, ಕಳ್ಳ ಅನ್ನಿಸ್ಕೊಂಡು ಕೂರೋದು ಬೇರೆ.”

“ಅರೇ ಬೆನ್, ಅಷ್ಟೊಂದು ಮನಸ್ಸಿಗೆ ತಗೋಬೇಡಿ. ಥೈ ಜಶೇ.”

ನಾನು ನನ್ನ ಕುರ್ಚಿಗೆ ಮರಳಿ, ನೀರು ಕುಡಿದು, ಪರದೆ ತೆರೆಯುವಷ್ಟರಲ್ಲಿ ಆ ಎಸ್‌ಕ್ಯೂಎಲ್ ಸಾಲಿನಿಂದ ಹತ್ತೊಂಬತ್ತು ಸಾವಿರದ ಎಂಟುನೂರು ಮಾಯವಾಗಿತ್ತು. ಅವರು ತಪ್ಪನ್ನು ಸದ್ದಿಲ್ಲದೆ ತಿದ್ದಿದ್ದರು. ಇನ್ನು ಮೇಲೆ ಬರುವ ವರದಿಗಳೆಲ್ಲ ಸರಿ. ಶೇಠರ ಮೇಜಿನ ಮೇಲಿದ್ದ ಆ ಒಂದು ಕಾಗದ ಮಾತ್ರ ಹಾಗೆಯೇ. ತರುಣರೇ, ತಪ್ಪು ಮಾಡಿದವರನ್ನು ನಾನು ಕ್ಷಮಿಸಬಲ್ಲೆ. ತಪ್ಪು ಗೊತ್ತಾದ ಕೂಡಲೇ ಅದರ ಗುರುತನ್ನು ಒರೆಸಿ, ಅದರಡಿ ಸಿಕ್ಕಿದ ಮನುಷ್ಯನನ್ನು ಅಲ್ಲೇ ಬಿಟ್ಟು ಎದ್ದುಹೋಗುವವರನ್ನು ಕ್ಷಮಿಸುವ ಶಕ್ತಿ ನನಗಿಲ್ಲ, ಬೇಕಾಗಿಯೂ ಇಲ್ಲ.

ಮನೆಯಲ್ಲಿ ನನ್ನ ಪತಿ ಎಂದಿನಂತೆ ಸಮಾಧಾನದ ಪಕ್ಷ ವಹಿಸಿದರು.

“ನಿನಗ್ಯಾಕ ಬೇಕ ಈ ಉಸಾಬರಿ? ರಿಟೈರ್ ಆಗಾಕ ಬಂದಿ. ಸುಮ್ಮನ ಕೂಡ್ರಬಾರದ?”

“ನಿಮ್ಮ ಬ್ಯಾಂಕಿನ್ಯಾಗ ನೀವು ಕದ್ದೀರಿ ಅಂತ ಅಂದಿದ್ರ ಸುಮ್ಮನ ಕೂಡ್ರತಿದ್ರೇನ್ರಿ?”

ಅವರು ಪತ್ರಿಕೆ ಮಡಚಿಟ್ಟರು. ಆಮೇಲೆ, “ಮುಂಜಾನೆ ಗಾಡಿಗೆ ಹೊಂಟಿ ಅಂದ್ರ ನಾಷ್ಟಾ ಕಟಗೊಂಡ ಹೋಗು. ಸಿಟ್ಟಿನ್ಯಾಗ ಉಣ್ಣೂದು ಮರೀತಿ” ಎಂದರು.

ನಾನು ರಜೆ ಹಾಕಿ ಸೂರತ್ತಿಗೆ ಹೋದೆ. ಹೋಗುತ್ತಿದ್ದೇನೆಂದು ಜಯೇಶ್‌ಭಾಯಿಗೆ ಮೊದಲೇ ಬರೆದು ತಿಳಿಸಿದೆ, ಬೆನ್ನಹಿಂದೆ ಹೋಗುವುದು ನನ್ನ ಅಭ್ಯಾಸವಲ್ಲ. ನಾನು ಶೇಠರ ಕೋಣೆ ತಲುಪಿದಾಗ ಜಯೇಶ್‌ಭಾಯಿ ಕಾರಿನಲ್ಲಿ ನನಗಿಂತ ಮುಂಚೆಯೇ ಬಂದು ಚಹಾ ಕುಡಿಯುತ್ತಾ ಕೂತಿದ್ದರು. “ಬೆನ್‌ಗೆ ಸ್ವಲ್ಪ ಗೊಂದಲ ಆಗಿದೆ ಶೇಠ್, ಅಷ್ಟೇ” ಎಂದು ಮಾತು ತೆಗೆದರು.

ನಾನು ಅವರ ಕಡೆ ನೋಡಲಿಲ್ಲ. ಶೇಠರನ್ನು ಕೇಳಿದೆ: “ಲಾಭಪಂಚಮಿ ಆದ ಮೇಲೆ ನಿಮ್ಮ ತಿಜೋರಿ ಬೆಳಿಗ್ಗೆ ತೆರೆಯೋದು ನಿಲ್ಲಿಸಿದ್ದೀರಾ?”

“ಏನು ಮಾತು ಬೆನ್? ದಿನಾ ಒಂಬತ್ತಕ್ಕೆ ತೆರೀತೀವಿ. ಇಲ್ಲದಿದ್ರೆ ಕಾರೀಗರರು ಏನು ಮಾಡ್ತಾರೆ, ಭಜನೆ ಮಾಡ್ತಾರಾ?”

“ನಿಮ್ಮ ಮುಂದಿರೋ ಕಾಗದದಲ್ಲಿ ಆ ಒಂಬತ್ತು ಗಂಟೆ ತೋರಿಸಿ.”

ಶೇಠರು ಕನ್ನಡಕ ಏರಿಸಿದರು. ಕಾಗದವನ್ನು ಮೇಲಿನಿಂದ ಕೆಳಗೆ ನೋಡಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. ಐದೂವರೆ ಗಂಟೆ ಎರಡೆರಡು ಸಲ ಸೇರಿದ್ದನ್ನು ನಾನು ವಿವರಿಸಿದೆ. ಮೂಲ ಸಂಖ್ಯೆಗಳನ್ನು ಮುಂದಿಟ್ಟೆ, ಬೇಕಾದರೆ ಬೇರೆ ಯಾರಿಂದಲಾದರೂ ಪರೀಕ್ಷಿಸಿ ಎಂದೆ. ಎಂಟೂಕಾಲೆಂಬುದು ನಿಜದಲ್ಲಿ ಪೌಣೇ ಮೂರು ಎಂದು ಅವರಿಗೆ ಅರ್ಥವಾಯಿತು. ಆ ದಿನ ಪೌಣೇ ಮೂರರ ಸುತ್ತಿನಲ್ಲಿ ರಮಣಿಕ್‌ಭಾಯಿಯ ಜೊತೆ ನಿಂತಿದ್ದವನು ತಮ್ಮ ಸ್ವಂತ ತಮ್ಮನ ಮಗ ಎಂಬುದೂ ನೆನಪಾಯಿತು. ಅವರು ಆ ಕಾಗದವನ್ನು ಮಡಚಿ ಡ್ರಾಯರಿನೊಳಗೆ ಹಾಕಿದರು. ಆ ಹರಳು ಏನಾಯಿತೆಂದು ನನಗೆ ಇಂದಿಗೂ ತಿಳಿಯದು. ಅದನ್ನು ತಿಳಿಯುವುದು ನನ್ನ ಕೆಲಸವೂ ಆಗಿರಲಿಲ್ಲ.

“ಸರಿ ಬೆನ್. ರಮಣಿಕ್‌ನ ಮನೆಗೆ ಹೇಳಿಕಳಿಸ್ತೀನಿ. ನಾಳೆಯಿಂದ ಬರಲಿ” ಎಂದರು ಕೊನೆಗೆ.

“ಹೇಳಿಕಳಿಸೋದು ಸಾಲದು ಶೇಠ್. ಎಲ್ಲಿ ಅಂದಿದ್ರೋ ಅಲ್ಲೇ ಅನ್ನಬೇಕು.”

ಜಯೇಶ್‌ಭಾಯಿ, “ಬೆನ್, ಇದು ಶೇಠರ ಮನೆ ವಿಷಯ” ಎಂದರು. ಶೇಠರು ಅವರ ಕಡೆ ಕೈಯೆತ್ತಿ ಸುಮ್ಮನಿರಿಸಿದರು. ಆ ಕೈಯೊಂದಕ್ಕಾಗಿ ನಾನು ಶೇಠರನ್ನು ಸ್ವಲ್ಪ ಮಟ್ಟಿಗೆ ಮನ್ನಿಸಿದ್ದೇನೆ.

ರಮಣಿಕ್‌ಭಾಯಿಯನ್ನು ಕರೆಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಎರಡನೆಯ ಮಹಡಿಯಲ್ಲಿ ಸಾಣೆಚಕ್ರಗಳನ್ನು ಮತ್ತೊಮ್ಮೆ ನಿಲ್ಲಿಸಲಾಯಿತು. ಶೇಠರು ನಿಂತು, “ರಮಣಿಕ್‌ಭಾಯಿಯ ಕೈ ಶುದ್ಧ. ಅವರ ಮೇಲೆ ನಾನು ಹೇಳಿದ ಮಾತು ವಾಪಸು ತಗೊಂಡಿದ್ದೀನಿ. ಯಂತ್ರದ ತಪ್ಪಾಗಿತ್ತು” ಎಂದರು.

ನಾನು ಹಿಂದಿನಿಂದ ಹೇಳಿದೆ: “ಯಂತ್ರದ ತಪ್ಪಲ್ಲ ಶೇಠ್. ಯಂತ್ರ ಸರಿಯಾಗೇ ಎಣಿಸಿತ್ತು. ತಪ್ಪಿದ್ದು ನಮ್ಮ ಕಚೇರಿ.”

ಸಾಣೆಗಾರನೊಬ್ಬ ಕೂತಲ್ಲಿಂದಲೇ, “ಹಾಗಾದ್ರೆ ಕಚೇರಿಯವರ ಕೈ ನೋಡಿ ಶೇಠ್!” ಎಂದ. ಇಡೀ ಮಹಡಿ ನಕ್ಕಿತು. ಜಯೇಶ್‌ಭಾಯಿ ತಮ್ಮ ಫೋನು ನೋಡಿಕೊಳ್ಳತೊಡಗಿದರು.

ಶೇಠರು ತಿಜೋರಿಯ ಕಾರ್ಡನ್ನು ರಮಣಿಕ್‌ಭಾಯಿಯ ಕೈಗಿತ್ತರು. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ನಾಲ್ಕು ಹೆಜ್ಜೆ ನಡೆದು ಹತ್ತಿರದ ಮೇಜಿನ ಮೇಲೆ ಮೆಲ್ಲನೆ ಇಟ್ಟರು.

“ಏನಿದು ರಮಣಿಕ್‌ಭಾಯಿ? ಮತ್ತೇನು ಬೇಕು?”

“ಏನೂ ಬೇಡ ಶೇಠ್. ಕಳ್ಳ ಅನ್ನಿಸ್ಕೊಂಡು ಹೋಗಿದ್ದಿದ್ರೆ ನನಗೆ ಬೇರೆ ಎಲ್ಲೂ ಕೆಲಸ ಸಿಗ್ತಿರಲಿಲ್ಲ. ಈಗ ಸಿಗುತ್ತೆ. ಅದಕ್ಕೇ ಹೋಗ್ತಿದ್ದೀನಿ.”

ಅವರು ಕಾರೀಗರರ ಕಡೆ ಕೈಮುಗಿದು ಮೆಟ್ಟಿಲಿಳಿದರು. ಅದೇ ಬೀದಿಯ ಇನ್ನೊಂದು ಕಾರ್ಖಾನೆಯಲ್ಲಿ ತಿಜೋರಿಯನ್ನೇ ಅವರ ಕೈಗೆ ಕೊಟ್ಟರೆಂದು ಆಮೇಲೆ ತಿಳಿಯಿತು.

ಕೆಳಗೆ ಜಯೇಶ್‌ಭಾಯಿ ಕಾರಿನ ಬಾಗಿಲು ತೆರೆದು, “ಬನ್ನಿ ಬೆನ್, ವಡೋದರಾಕ್ಕೆ ಬಿಡ್ತೀನಿ. ಎಲ್ಲಾ ಒಳ್ಳೇದೇ ಆಯ್ತಲ್ಲ” ಎಂದರು. ನಾನು ರಿಕ್ಷಾ ಹಿಡಿದು ಸ್ಟೇಷನ್ನಿಗೆ ಹೋದೆ, ಪತಿ ನೆನಪಿಸಿ ಕಟ್ಟಿಸಿದ್ದ ಅವಲಕ್ಕಿಯನ್ನು ಗಾಡಿಯಲ್ಲಿ ತಿಂದೆ. ಮರುದಿನ ಅಲ್ಕಾಪುರಿಯ ಕಚೇರಿಗೆ ಹೋದಾಗ ಎಲ್ಲರಿಗೂ ಒಂದು ಮೇಲ್ ಬಂದಿತ್ತು: ಸೂರತ್ತಿನ ಗ್ರಾಹಕರ ಯಂತ್ರದಲ್ಲಿದ್ದ ತಾಂತ್ರಿಕ ದೋಷವನ್ನು ಜಯೇಶ್‌ಭಾಯಿ ತಮ್ಮ ಜಾಗರೂಕತೆಯಿಂದ ಪತ್ತೆಹಚ್ಚಿ ಸರಿಪಡಿಸಿದ್ದಾರೆ, ಅವರಿಗೆ ಅಭಿನಂದನೆ. ಕಳಿಸಿದವರೂ ಅವರೇ.

ಅದೇ ಎಲ್ಲರಿಗೂ ತಲುಪುವಂತೆ ನಾನು ಒಂದು ಉತ್ತರ ಬರೆದೆ. “ಯಂತ್ರ ತಪ್ಪಾಗಿ ಎಣಿಸಲಿಲ್ಲ. ಐದೂವರೆ ಗಂಟೆಯನ್ನು ಕೂಡಿಸಿದವರು ಯಾರು, ಅದನ್ನು ಸದ್ದಿಲ್ಲದೆ ಅಳಿಸಿದವರು ಯಾರು ಎಂಬುದನ್ನು ಜಯೇಶ್‌ಭಾಯಿ ತಿಳಿಸಬೇಕಾಗಿ ವಿನಂತಿ.” ನಾನು ನಿವೃತ್ತಳಾದೆ, ಕುರ್ಚಿ ನೀರಿನ ಯಂತ್ರದ ಪಕ್ಕದಲ್ಲೇ ಉಳಿಯಿತು, ಉತ್ತರ ಬರಲಿಲ್ಲ. ಕಾರ್ಯದರ್ಶಿಗಳು ಈ ಸಂಚಿಕೆಯ ಒಂದು ಪ್ರತಿಯನ್ನು ಆ ಕಚೇರಿಗೆ ಕಳಿಸುವುದಾಗಿ ಒಪ್ಪಿದ್ದಾರೆ. ಕನ್ನಡ ಓದಬಲ್ಲ ಇಬ್ಬರು ಈಗ ಅಲ್ಲಿದ್ದಾರೆಂದು ಕೇಳಿದ್ದೇನೆ. ಅವರು ಜಯೇಶ್‌ಭಾಯಿಗೆ ಇದನ್ನು ಓದಿ ಹೇಳಲಿ, ಒಂದಕ್ಷರವನ್ನೂ ಸೇರಿಸದೆ.